ಒಂದೇ ಗದ್ದೆಗೆ ಮತ್ತೆ ಮತ್ತೆ ಹೋಗಿ

ಮಗಳೇ,

ಉತ್ತರೆ ಮಳೆ ಶುರುವಾಗಿದೆ. ಇನ್ನು ಹಸ್ತ, ಚಿತ್ತೆ, ಸ್ವಾತಿ. ಸ್ವಾತಿ ಕಳೆಯುವ ಹೊತ್ತಿಗೆ ಬೆಳಗಿನ ಗಾಳಿಗೆ ಚಳಿ ಸೇರಿರುತ್ತದೆ. ನಮ್ಮ ಮಂಡ್ಯ ಸೀಮೆಯಲ್ಲಿ ಎಳೆ ಕೂಸನ್ನು ಕರೆದುಕೊಂಡು ಹೊರಗೆ ಓಡಾಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೇಸಿಗೆಯಲ್ಲಿ ಒಂಬತ್ತು ಗಂಟೆಗೇ ನೆಲ ಕಾಯುತ್ತದೆ. ಆಷಾಢದಲ್ಲಿ ಗಾಳಿ ನಿಲ್ಲಗೊಡುವುದಿಲ್ಲ. ಈಗ ಬಿಸಿಲಿನ ಕಾವು ಇಳಿದಿದೆ, ನಾಲೆಯಲ್ಲಿ ನೀರು ಹರಿಯುತ್ತಿದೆ, ಗದ್ದೆ ಬಯಲು ಹಸಿರಾಗಿದೆ, ಮಳವಳ್ಳಿ ಕಡೆಯ ಹೊಲಗಳಲ್ಲಿ ರಾಗಿ ಎದ್ದು ನಿಂತಿದೆ. ಈ ಆರೇಳು ವಾರಗಳನ್ನು ಮನೆಯೊಳಗೆ ಕಳೆಯಬೇಡಿ.

ಕೂಸಿಗೆ ನಾಲ್ಕು ತುಂಬಿತು. ರಜೆ ಹತ್ತಿರ ಬಂದರೆ ನೀನೂ ಅಳಿಯಂದಿರೂ ಕೂತು ನೋಡುವ ಜಾಗಗಳ ಪಟ್ಟಿ ಮಾಡುತ್ತೀರಿ. ಶಾಲೆಯ ಮಕ್ಕಳ ನಡುವೆಯೇ ಆಯುಸ್ಸು ಕಳೆದವಳು ನಾನು. ಆ ಬಲದಿಂದ ಒಂದು ಮಾತು ಹೇಳುತ್ತೇನೆ, ಕೇಳು. ಮಗುವಿಗೆ ಹತ್ತು ಊರು ತೋರಿಸುವ ಅವಸರ ಬೇಡ. ಒಂದು ಗದ್ದೆ, ಒಂದು ಕೆರೆ ಏರಿ, ಒಂದು ಮರ ಆರಿಸಿಕೊಳ್ಳಿ. ಅಲ್ಲಿಗೇ ಮತ್ತೆ ಮತ್ತೆ ಕರೆದುಕೊಂಡು ಹೋಗಿ. ಹೊಸ ಜಾಗ ಕಂಡ ಮಗು ಬೆರಗಾಗುತ್ತದೆ. ಕಂಡ ಜಾಗವೇ ಬದಲಾಗಿದ್ದನ್ನು ತಾನಾಗಿ ಗುರುತಿಸಿದ ಮಗು ಯೋಚಿಸಲು ಶುರುಮಾಡುತ್ತದೆ. “ಹೋದ ಸಲ ಹೀಗಿರಲಿಲ್ಲ ಅಲ್ವಾ ಅಮ್ಮ?” ಎಂದು ಅದು ಕೇಳಿದ ದಿನ ನೀವು ಓಡಾಡಿದ್ದು ಸಾರ್ಥಕವಾಯಿತು ಎಂದುಕೊಳ್ಳಿ.

ಗದ್ದೆಯಿಂದಲೇ ಶುರುಮಾಡಿ. ನೀವಿರುವ ಮಂಡ್ಯದಿಂದ ಯಾವ ದಿಕ್ಕಿಗೆ ಎರಡು ಮೈಲಿ ಹೋದರೂ ಗದ್ದೆ ಸಿಗುತ್ತದೆ. ಪರಿಚಯದ ರೈತರೊಬ್ಬರನ್ನು ಕೇಳಿ, ಅವರ ಬದುವಿನ ಮೇಲೆ ನಡೆಯಲು ಒಪ್ಪಿಗೆ ಪಡೆಯಿರಿ. ಶ್ರಾವಣದ ಹೊತ್ತಿಗೆ ನಾಟಿಯಾದ ಪೈರು ಈಗ ತೆಂಡೆ ಒಡೆದು ದಟ್ಟವಾಗಿರುತ್ತದೆ. ಕೂಸನ್ನು ಬದುವಿನ ಮೇಲೆ ನಿಲ್ಲಿಸಿ, ಪೈರು ಎಲ್ಲಿಯವರೆಗೆ ಬರುತ್ತದೆ ನೋಡಿ. ಮೊಣಕಾಲೋ, ಸೊಂಟವೋ? ಎರಡು ವಾರ ಬಿಟ್ಟು ಮತ್ತೆ ಹೋಗಿ. ಆಮೇಲೆ ಹೊಡೆ ಬರುತ್ತದೆ, ತೆನೆ ಈಚೆಗೆ ಇಣುಕುತ್ತದೆ. ಕಾಳು ಹಾಲುಗಟ್ಟಿದಾಗ ಒಂದನ್ನು ಕೂಸಿನ ಬೆರಳಲ್ಲೇ ಹಿಚುಕಿಸಿ. ಬಿಳಿ ಹಾಲು ಬರುತ್ತದೆ. ತಾನು ತಿನ್ನುವ ಅನ್ನ ಮೊದಲು ಹಾಲಾಗಿತ್ತು ಎಂದು ಕೂಸಿಗೆ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಕೊಡಲಾರದು. ಕೊಯ್ಲಿನ ದಿನ ತಪ್ಪದೆ ಹೋಗಿ. ಬೆಳೆದದ್ದನ್ನು ನೋಡಿದ ಕಣ್ಣು ಕೊಯ್ಯುವುದನ್ನೂ ನೋಡಬೇಕು.

ಗದ್ದೆಯ ನೀರು ಎಲ್ಲಿಂದ ಬಂತು ಎಂದು ಕೂಸು ಕೇಳದೆ ಇರುವುದಿಲ್ಲ. ಆಗ ಕಥೆ ಹೇಳಿ. ಈ ಬಯಲೆಲ್ಲ ಒಂದು ಕಾಲಕ್ಕೆ ರಾಗಿ, ಹುರುಳಿ ಬೆಳೆಯುವ ಒಣನೆಲ. ಮಳೆ ಬಂದರೆ ಊಟ, ಇಲ್ಲದಿದ್ದರೆ ಬರ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ನಾಲೆಯ ನೀರು ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಕಡೆ ಹರಿಯಿತು. ಆಗ ಇರ್ವಿನ್ ನಾಲೆ ಅಂದದ್ದನ್ನೇ ನಾವು ಈಗ ವಿಶ್ವೇಶ್ವರಯ್ಯ ನಾಲೆ ಅನ್ನುವುದು. ನೀರು ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಇಸವಿಗಳು ಕೂಸಿಗೆ ಬೇಡ, ನಿಮಗೆ ಗೊತ್ತಿರಲಿ. “ಅಜ್ಜಿಯ ಅಜ್ಜಿ ಇಲ್ಲಿ ಭತ್ತವನ್ನೇ ಕಂಡಿರಲಿಲ್ಲ” ಎಂದರೆ ಸಾಕು, ಅದಕ್ಕೆ ಎಲ್ಲವೂ ಅರ್ಥವಾಗುತ್ತದೆ.

ಗದ್ದೆ ಪಕ್ಕದ ಈಚಲ ಮರವನ್ನೋ, ಹಾಳು ಬಾವಿಯ ಮೇಲೆ ಬಾಗಿದ ಜಾಲಿಯನ್ನೋ ಸುಮ್ಮನೆ ದಾಟಬೇಡಿ. ಗೀಜಗ ಗೂಡು ನೇಯುವುದು ಈ ಮಳೆಗಾಲದಲ್ಲೇ. ಭತ್ತದ ಗರಿ, ಕಬ್ಬಿನ ಗರಿಗಳನ್ನು ಎಳೆಯಾಗಿ ಸೀಳಿ ತಂದು ಗಂಡು ಹಕ್ಕಿ ಅರ್ಧ ಗೂಡು ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಉದ್ದದ ಕೊಳವೆ ಸೇರಿಸಿ ಗೂಡು ಮುಗಿಸುತ್ತದೆ. ಒಪ್ಪದೆ ಬಿಟ್ಟ ಅರ್ಧ ಗೂಡುಗಳೂ ಅಲ್ಲೇ ತೂಗುತ್ತಿರುತ್ತವೆ. ಯಾವುದು ಮುಗಿದದ್ದು, ಯಾವುದು ಅರ್ಧದ್ದು ಎಂದು ಕೂಸು ಎಣಿಸಲಿ. ಬಿದ್ದ ಗೂಡು ಸಿಕ್ಕರೆ ಮನೆಗೆ ತರಬಹುದು; ಮರದಲ್ಲಿರುವುದನ್ನು ಮಾತ್ರ ಮುಟ್ಟಕೂಡದು.

ಮಳವಳ್ಳಿ ಕಡೆ ಬಂದಾಗ ಖುಷ್ಕಿ ಹೊಲ ತೋರಿಸಿ. ಬರೀ ಗದ್ದೆ ಕಂಡ ಮಗು ಅರ್ಧ ಮಂಡ್ಯವನ್ನಷ್ಟೇ ಕಂಡಂತೆ. ರಾಗಿಯ ನಡುವೆ ಅಕ್ಕಡಿ ಸಾಲುಗಳಿರುತ್ತವೆ. ಒಂದು ಸಾಲಲ್ಲಿ ಅವರೆ, ಇನ್ನೊಂದರಲ್ಲಿ ಹುಚ್ಚೆಳ್ಳು. ಹುಚ್ಚೆಳ್ಳು ಹಳದಿ ಹೂ ಬಿಡುವ ಕಾಲ ಇದು. ಜೇನುಹುಳಗಳ ಸದ್ದು ಕೇಳಿಸುವಷ್ಟು ಹೊತ್ತು ಮಾತಿಲ್ಲದೆ ನಿಂತುಕೊಳ್ಳಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ನಮ್ಮ ಹಿರಿಯರು ಹೀಗೆ ಬಿತ್ತುತ್ತಿದ್ದರು ಎಂದು ಹೇಳಿ. ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಎಂಬ ಹೆಸರುಗಳನ್ನು ನಾವು ಬಾಯಲ್ಲಿ ಹೇಳುತ್ತೇವೆ. ಅಂಥ ತಳಿಗಳು ಪಕ್ಕಪಕ್ಕದಲ್ಲಿ ಬೆಳೆದು ನಿಂತಾಗ ತೆನೆಯ ಬಣ್ಣ, ಎತ್ತರ, ವಾಸನೆ ಬೇರೆಬೇರೆ ಎಂದು ಮಗುವಿನ ಕಣ್ಣಿಗೇ ಕಾಣುತ್ತದೆ. ಮೊದಲೇ ಕೇಳಿ, ಅವರ ಬಿಡುವು ನೋಡಿಕೊಂಡು ಹೋಗಿ.

ಮಳೆ ಹಿಡಿದ ದಿನ ರೇಷ್ಮೆ ಸಾಕುವವರ ಮನೆಗೆ ಹೋಗಬಹುದು. ಪೊರೆ ಕಳಚಿ ನಾಲ್ಕನೇ ಜ್ವರ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು ಸೋಗೆಯ ಮೇಲೆ ಮಳೆ ಬಿದ್ದಂತೆ ಕೇಳುತ್ತದೆ. ಒಳಗೆ ಹೋಗುವ ಮುಂಚೆ ಕೈಕಾಲು ತೊಳೆಯಬೇಕು, ಹುಳು ಮುಟ್ಟಕೂಡದು. ಹುಳುವಿಗೆ ರೋಗ ತಗುಲಿದರೆ ಆ ಮನೆಯವರ ದುಡಿಮೆಯೇ ಹೋಗುತ್ತದೆ. ಆಲೆಮನೆಗೂ ಕರೆದೊಯ್ಯಿರಿ. ಕುದಿಯುವ ಕೊಪ್ಪರಿಗೆಯಿಂದ ಕೂಸನ್ನು ದೂರ ನಿಲ್ಲಿಸಿಕೊಂಡು, ಎತ್ತಿಕೊಂಡೇ ತೋರಿಸಿ. ಬಿಸಿ ಬೆಲ್ಲದ ಒಂದು ಚೂರು ಆರಿಸಿ ಬಾಯಿಗೆ ಹಾಕಿದರೆ ಆ ದಿನವನ್ನು ಅದು ಮರೆಯುವುದಿಲ್ಲ.

ಇನ್ನು ದೂರದ ಜಾಗಗಳು. ಈ ಕಾಲದಲ್ಲಿ ಒಂದೋ ಎರಡೋ ಸಾಕು. ಗಗನಚುಕ್ಕಿಗೆ ಹೋಗಿ. ಕಾವೇರಿ ತುಂಬಿ ಬಂದಾಗ ಮಳವಳ್ಳಿ ಕಡೆಯ ವೀಕ್ಷಣಾ ಸ್ಥಳದಿಂದಲೇ ಜಲಪಾತ ಎದುರಿಗೆ ಕಾಣುತ್ತದೆ. ನೀರಿನ ಹತ್ತಿರ ಇಳಿಯುವ ಅಗತ್ಯವೇ ಇಲ್ಲ. ನಮ್ಮ ಜನ ಬ್ಲಫ್ ಎಂದು ಕರೆಯುವ ಆ ಜಾಗದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಅದೂ ಇಲ್ಲಿಂದಲೇ. ಮನೆಗೆ ಬಂದು ದೀಪ ಹಾಕುವಾಗ “ಇದು ಕಾವೇರಮ್ಮ ಬಿದ್ದಾಗ ಹುಟ್ಟಿದ ಬೆಳಕಿನ ನಂಟು” ಎಂದು ಕೂಸಿಗೆ ಹೇಳಿ. ಬೇಸಿಗೆಯಲ್ಲಿ ಮತ್ತೊಮ್ಮೆ ಅಲ್ಲಿಗೇ ಕರೆದೊಯ್ಯಿರಿ. ಬರೀ ಬಂಡೆ ಕಂಡ ಮಗುವಿಗೆ ನೀರಿನ ಬೆಲೆ ತಿಳಿಯುತ್ತದೆ.

ಕಲ್ಲಿನ ಕೆಲಸ ತೋರಿಸಬೇಕೆಂದರೆ ಬಸರಾಳಿನ ಮಲ್ಲಿಕಾರ್ಜುನ ದೇವಸ್ಥಾನವಿದೆ, 1234ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಅಲ್ಲಿ ಗೋಡೆಯ ಕೆಳಸಾಲಿನಲ್ಲೇ ಆನೆಗಳ ಮೆರವಣಿಗೆ. ನಾಲ್ಕು ವರ್ಷದ ಮಗುವಿನ ಕಣ್ಣಿಗೆ ಹತ್ತಿರವಿರುವುದು ಅದೇ. ಕೂಸನ್ನು ಎತ್ತಿಕೊಂಡು ದೇವರ ಶಿಲ್ಪಗಳ ಮುಂದೆ ನಿಲ್ಲಿಸುವ ಮೊದಲು, ಆನೆಗಳ ಜೊತೆ ಒಂದು ಸುತ್ತು ನಡೆಯಲು ಬಿಡಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ವಿಷಯದಲ್ಲಿ ಒಂದು ಮಾತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ನೋಡಬೇಕೆಂದು ಈಗ ಹೋದರೆ ಮರಗಳು ಬರಿದಾಗಿರುತ್ತವೆ. ಅವು ಬಂದು ಗೂಡು ಕಟ್ಟುವುದು ಡಿಸೆಂಬರ್ ಕಳೆದ ಮೇಲೆ. ಮರಿ ಹಾರಿಸಿಕೊಂಡು ಮುಂಗಾರಿಗೆ ಹೊರಡುತ್ತವೆ. ಹಾಗಿದ್ದೂ ಈಗಲೇ ಒಮ್ಮೆ ಹೋಗಿ ಬನ್ನಿ ಎನ್ನುತ್ತೇನೆ. ಊರೊಳಗಿನ ಹುಣಸೆ ಮರವೊಂದನ್ನು ಕೂಸು ಗುರುತು ಹಾಕಿಕೊಳ್ಳಲಿ. ಸಂಕ್ರಾಂತಿ ಆದ ಮೇಲೆ ಅದೇ ಮರದಡಿಗೆ ಹೋಗಿ. ಆ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ತಿಳಿದು, ತಮ್ಮ ಮನೆಯಂಗಳದ ಮರಗಳನ್ನೇ ಬಿಟ್ಟುಕೊಟ್ಟಿದ್ದಾರೆ. ಸರ್ಕಾರ ಆ ಜಾಗವನ್ನು ಸಮುದಾಯ ಮೀಸಲು ಎಂದು ಘೋಷಿಸಿದ್ದು 2007ರಲ್ಲಿ. ಜನ ಕಾಪಾಡಿಕೊಂಡು ಬಂದದ್ದು ತಲೆಮಾರುಗಳಿಂದ. ಬೇಕೆಂದ ಕೂಡಲೇ ಎಲ್ಲವೂ ಫೋನಿನಲ್ಲಿ ಕಾಣುವ ಕಾಲದಲ್ಲಿ, ಒಂದು ಹಕ್ಕಿಗಾಗಿ ನಾಲ್ಕು ತಿಂಗಳು ಕಾಯುವುದನ್ನು ಮಗು ಕಲಿಯಲಿ.

ಈಗ ಹೇಳುವುದನ್ನು ಅಳಿಯಂದಿರಿಗೂ ಓದಿ ಹೇಳು. ನೀರಿನ ಹತ್ತಿರ ಮಗುವಿನ ಕೈ ದೊಡ್ಡವರ ಕೈಯಲ್ಲೇ ಇರಬೇಕು, ಒಂದು ಗಳಿಗೆಯೂ ಬಿಡುವಂತಿಲ್ಲ. ನಾಲೆಯ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಮೇಲೆ ಕಾಣುವ ನೀರಿಗಿಂತ ಒಳಗಿನ ಸೆಳೆತ ಜೋರು. ನಾಲೆ ಏರಿಯ ಮೇಲೆ ಫೋಟೋ ತೆಗೆಯುವ ಆಸೆ ಬೇಡ. ಮುತ್ತತ್ತಿಗೆ ಹೋದರೆ ಆಂಜನೇಯನ ದರ್ಶನ ಮಾಡಿ. ಸೀತಮ್ಮನ ಮುತ್ತಿನ ಮೂಗುತಿ ಹೊಳೆಗೆ ಬಿದ್ದಾಗ ಹನುಮ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ ಕಥೆ ಹೇಳಿ, ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟದ್ದು ಈ ಮುತ್ತತ್ತಿರಾಯನ ಹರಕೆಯಿಂದ ಎಂದೂ ಹೇಳಿ. ದಡದ ಹೊಳೆಮತ್ತಿ ಮರಗಳಲ್ಲಿ ದೊಡ್ಡ ಬೂದು ಅಳಿಲು ಕಂಡೀತು, ಹುಡುಕಿ. ಹೊಳೆಗೆ ಮಾತ್ರ ಇಳಿಯಬೇಡಿ. ಅಲ್ಲಿ ಸುಳಿಗಳಿವೆ. ಇಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಮೇಲೆ ಕನ್ನಂಬಾಡಿಯಲ್ಲೋ ಕಬಿನಿಯಲ್ಲೋ ಬಾಗಿಲು ತೆಗೆದರೆ ಹೊಳೆ ಏರುತ್ತದೆ. ಕಾಡಿನ ದಾರಿ ಅದು, ಆನೆ ಓಡಾಡುವ ಜಾಗ. ಹೊತ್ತು ಮುಳುಗುವ ಮುಂಚೆಯೇ ಹೊರಟುಬಿಡಿ.

ಸಿಡಿಲಿನ ವಿಷಯವೂ ಹಾಗೆಯೇ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನದ ಮೇಲೆ ಕಪ್ಪಾಗುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಊಟದ ಹೊತ್ತಿಗೆ ಬಯಲು ಬಿಡಿ. ಗುಡುಗು ಕೇಳಿದರೆ ಒಂಟಿ ಮರದಡಿ ನಿಲ್ಲಬೇಡಿ, ಮನೆಯನ್ನೋ ಕಾರನ್ನೋ ಸೇರಿ. ಹುಲ್ಲು ಬೆಳೆದ ಬದುವಿನಲ್ಲಿ ದೊಡ್ಡವರೊಬ್ಬರು ಕೋಲು ಬಡಿಯುತ್ತ ಮುಂದೆ ನಡೆಯಲಿ. ಹಾವು ತಾನೇ ಸರಿದುಹೋಗುತ್ತದೆ. ಕೂಸಿನ ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಕೆಸರಿನಲ್ಲಿ ಆಡಲು ಮಾತ್ರ, ನೀವು ನೋಡಿ ಚೊಕ್ಕವೆನಿಸಿದ ಜಾಗದಲ್ಲಿ, ಬರಿಗಾಲು ಬಿಡಿ. ಈ ಎಚ್ಚರಿಕೆಗಳಿಂದ ಮಗುವಿಗೆ ಹೆದರಿಕೆ ಹುಟ್ಟಿಸಬೇಡಿ. “ಹೊಳೆ ದೊಡ್ಡದು, ನಾವು ಚಿಕ್ಕವರು, ಅದಕ್ಕೆ ಕೈಮುಗಿದು ದೂರ ನಿಲ್ಲೋಣ” ಎಂದರೆ ಅದು ತಿಳಿದುಕೊಳ್ಳುತ್ತದೆ.

ನಡಿಗೆ ಕೂಸಿನದಾಗಲಿ. ಅದು ಏಡಿ ಬಿಲದ ಮುಂದೆ ಕೂತರೆ ನೀವೂ ಕೂತುಕೊಳ್ಳಿ. ಅರ್ಧ ದಾರಿಗೆ ಸುಸ್ತಾದರೆ ಅಲ್ಲಿಂದಲೇ ತಿರುಗಿ. ಹುರಿಹಿಟ್ಟು, ಬಾಳೆಹಣ್ಣು, ನೀರು, ಒಂದು ಜೊತೆ ಬಟ್ಟೆ ಇಟ್ಟುಕೊಂಡರೆ ಸಾಕು. ಮದ್ದೂರಿನ ಮೇಲೆ ಬಂದರೆ ವಡೆ ತಿನ್ನದೆ ಬರುವವರು ಯಾರು; ನಾಲ್ಕು ಚೂರು ಮಾಡಿ ಕೊಡಿ. ಹಕ್ಕಿ ಗಿಡಗಳ ಹೆಸರು ನಮ್ಮ ಮಾತಿನಲ್ಲೇ ಹೇಳಿಕೊಡಿ: ಬೆಳ್ಳಕ್ಕಿ, ಮಿಂಚುಳ್ಳಿ, ಕೆಂಬೂತ, ತಂಗಡಿ. ಗೊತ್ತಿಲ್ಲದ್ದನ್ನು ಗದ್ದೆಯಲ್ಲಿ ಕೆಲಸ ಮಾಡುವವರನ್ನು ಕೇಳಿ. ಅಪ್ಪ ಅಮ್ಮ ಇನ್ನೊಬ್ಬರನ್ನು ಗೌರವದಿಂದ ಕೇಳಿ ತಿಳಿಯುವುದನ್ನು ನೋಡಿದ ಮಗು, ಕೆಲಸ ಮಾಡುವ ಜನರನ್ನು ಮುಂದೆಂದೂ ಕೀಳಾಗಿ ಕಾಣುವುದಿಲ್ಲ.

ಮಾರ್ಲಮಿ ಬರುತ್ತದೆ, ಹಿರಿಯರಿಗೆ ಎಡೆ ಇಡುತ್ತೇವೆ. ಹಿಂದೆಯೇ ದಸರಾ ರಜೆ. ಆ ರಜೆಯಲ್ಲೂ ನೀವು ಆರಿಸಿಕೊಂಡ ಗದ್ದೆ ಬದುವಿಗೆ ಒಂದು ಸಂಜೆ ಹೋಗಿ. ಉತ್ತರೆಯಲ್ಲಿ ಸೂರ್ಯ ಯಾವ ತೆಂಗಿನ ಮರದ ಹಿಂದೆ ಮುಳುಗಿದ ಎಂದು ನೋಡಿಟ್ಟುಕೊಂಡಿದ್ದರೆ, ಸ್ವಾತಿಯ ಹೊತ್ತಿಗೆ ಅವನು ತೆಂಕಣಕ್ಕೆ ಸರಿದು ಬೇರೆ ಮರದ ಹಿಂದೆ ಮುಳುಗುತ್ತಾನೆ, ಅದೂ ಮೊದಲಿಗಿಂತ ಬೇಗ. ಕಾಲ ಹೇಗೆ ಹೊರಳುತ್ತದೆ ಎಂದು ಕೂಸು ತನ್ನ ಕಣ್ಣಲ್ಲೇ ಅಳೆಯುತ್ತದೆ.

ಯಾಕೆ ಇಷ್ಟೆಲ್ಲ ಹೇಳುತ್ತಿದ್ದೇನೆ ಎಂದರೆ, ಈ ಕೂಸು ಬೆಳೆದು ಯಾವ ಊರು ಸೇರುತ್ತದೋ ಗೊತ್ತಿಲ್ಲ. ಗದ್ದೆ ಮಾರಬೇಕೇ, ಕೆರೆ ಮುಚ್ಚಬೇಕೇ, ಮರ ಉಳಿಸಬೇಕೇ ಎಂದು ತೀರ್ಮಾನ ಮಾಡುವ ದಿನ ಅದರ ಪಾಲಿಗೂ ಬರುತ್ತದೆ. ಒಂದು ಗದ್ದೆಯನ್ನು ನಾಟಿಯಿಂದ ಕೊಯ್ಲಿನವರೆಗೆ ನೋಡಿ ಬೆಳೆದವರು ಆ ದಿನ ದುಡುಕುವುದಿಲ್ಲ. ಈ ಭಾನುವಾರ ಬೆಳಿಗ್ಗೆಯೇ ಹೊರಡಿ. ಮುಂದಿನ ಭಾನುವಾರವೂ ಅಲ್ಲಿಗೇ ಹೋಗಿ.

ನಿನ್ನ ಅವ್ವ