ಮಾತು ನಿಂತಾಗ ಅಕ್ಷರದ ಆಸರೆ

ನಾಲಿಗೆ ನಿಂತಿತೆಂದರೆ ಬುದ್ಧಿಯೂ ನಿಂತಿತೆಂದು ಭಾವಿಸುವವರು ನಮ್ಮಲ್ಲಿ ಇಂದಿಗೂ ಕಡಮೆಯಿಲ್ಲ. ಪಾರ್ಶ್ವವಾಯು ಬಡಿದ ಹಿರಿಯರ ಮಂಚದ ಬಳಿ ನಿಂತು, ಅವರಿಗೆ ಏನೂ ಕೇಳಿಸದೆಂಬಂತೆ ಅವರ ವಿಷಯವನ್ನೇ ಮಾತನಾಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಆದರೂ ಇಲ್ಲಿಯೇ ಪಟಮಟದ ಒಂದು ಮನೆಯಲ್ಲಿ ಕಂಡ ಸಂಗತಿಯು ಈ ವಿಷಯವನ್ನು ಕುರಿತು ಓದುವಂತೆ ಮಾಡಿತು. ತಿಳಿದಷ್ಟನ್ನು ಸಂಘದ ಬಾಂಧವರ ಮುಂದಿಡುತ್ತೇನೆ.

ಮೊದಲು ಒಂದು ಭೇದವನ್ನು ಅರಿಯಬೇಕು. ಮೆದುಳಿನಲ್ಲಿ ಭಾಷೆಗೆ ಸಂಬಂಧಿಸಿದ ಭಾಗಕ್ಕೇ ಪೆಟ್ಟು ಬಿದ್ದರೆ ಶಬ್ದವೇ ಕೈಗೆ ಸಿಗದಂತಾಗುತ್ತದೆ. ಓದು ಬರಹಗಳೂ ಕೆಡುತ್ತವೆ. ಇದು ಅಫೇಸಿಯಾ. ಇನ್ನು ಕೆಲವರಲ್ಲಿ ಶಬ್ದವೆಲ್ಲವೂ ಒಳಗೆ ಸಿದ್ಧವಾಗಿರುತ್ತದೆ. ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳು ಮಾತ್ರ ಆಜ್ಞೆಯನ್ನು ಪಾಲಿಸುವುದಿಲ್ಲ. ಇದು ಡಿಸಾರ್ಥ್ರಿಯಾ. ಅಕ್ಷರ ಜೋಡಿಸುವ ಉಪಕರಣಗಳು ಹೆಚ್ಚಾಗಿ ಒದಗುವುದು ಎರಡನೆಯವರಿಗೆ. ಮೊದಲನೆಯವರಿಗೆ ಚಿತ್ರ, ಸಂಜ್ಞೆ ಮತ್ತು ಕ್ರಮವಾದ ವಾಕ್ ಚಿಕಿತ್ಸೆ ಬೇಕು. ಯಾವುದೆಂದು ನಿರ್ಣಯಿಸುವುದು ತಜ್ಞರ ಕೆಲಸ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದವರನ್ನು ತೆಲುಗಿನಲ್ಲಿ ಮಾತ್ರ ಪರೀಕ್ಷಿಸಿದರೆ ಅವರ ಶಕ್ತಿಯ ಪೂರ್ಣ ಲೆಕ್ಕ ಸಿಗದು. ಹತ್ತಿರದಲ್ಲಿ ಸಿಕಂದರಾಬಾದಿನಲ್ಲಿಯೂ ಅಲಿ ಯಾವರ್ ಜಂಗ್ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ.

ಯಂತ್ರದ ಮೂಲಕ ಮಾತನಾಡಿದವರಲ್ಲಿ ಜಗತ್ಪ್ರಸಿದ್ಧರು ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್. ಎ.ಎಲ್.ಎಸ್. ಎಂಬ ನರರೋಗದಿಂದ ಬಳಲುತ್ತಿದ್ದ ಅವರು 1985ರಲ್ಲಿ ನ್ಯುಮೋನಿಯಾ ತಗಲಿ, ಗಂಟಲಿನ ಶಸ್ತ್ರಕ್ರಿಯೆಯಾಗಿ, ಉಳಿದಿದ್ದ ಅಲ್ಪ ಧ್ವನಿಯನ್ನೂ ಕಳೆದುಕೊಂಡರು. ಮೊದಲಿಗೆ ಅವರಿಗಿದ್ದ ಸಾಧನವೆಂದರೆ ಒಂದು ಅಕ್ಷರಪಟ: ಬೇರೊಬ್ಬರು ಅಕ್ಷರ ತೋರಿಸುವುದು, ಬೇಕಾದದ್ದು ಬಂದಾಗ ಇವರು ಹುಬ್ಬೇರಿಸುವುದು. ಆಮೇಲೆ ಗಣಕಯಂತ್ರ ಬಂದಿತು. ಕೊನೆಯ ವರ್ಷಗಳಲ್ಲಿ ಅವರು ಕೆನ್ನೆಯ ಒಂದೇ ಸ್ನಾಯುವಿನ ಅಲುಗಾಟದಿಂದ ಅಕ್ಷರಗಳನ್ನು ಆರಿಸುತ್ತಿದ್ದರು. ನಿಮಿಷಕ್ಕೊಂದು ಪದವಾದರೆ ಹೆಚ್ಚು. 2014ರಲ್ಲಿ ಇಂಟೆಲ್ ಸಂಸ್ಥೆಯವರು ಸಿದ್ಧಪಡಿಸಿಕೊಟ್ಟ ಹೊಸ ವ್ಯವಸ್ಥೆಯಲ್ಲಿ ಮುಂದಿನ ಪದವನ್ನು ಊಹಿಸುವ ತಂತ್ರಾಂಶವಿತ್ತು. ಅದಕ್ಕೆ ಹಾಕಿಂಗರ ಸ್ವಂತ ಬರಹಗಳನ್ನೇ ಉಣಿಸಲಾಗಿತ್ತೆಂಬುದು ಇಲ್ಲಿ ಮುಖ್ಯ. ಆದ್ದರಿಂದ ಅದು ಊಹಿಸಿದ್ದು ಅವರ ಮಾತಿನ ಜಾಡನ್ನು, ದಾರಿಹೋಕರ ಮಾತನ್ನಲ್ಲ.

ಊಹಿಸುವ ಯಂತ್ರಕ್ಕೆ ಅಂತರ್ಜ್ಞಾನವಿಲ್ಲ. ಹಿಂದೆ ಓದಿದ ಬರಹದಲ್ಲಿ ಯಾವ ಪದದ ಬಳಿಕ ಯಾವುದು ಹೆಚ್ಚು ಬಂದಿತ್ತೆಂದು ಲೆಕ್ಕವಿಟ್ಟು ಅದನ್ನೇ ಮುಂದೊಡ್ಡುತ್ತದೆ. ವೃತ್ತಪತ್ರಿಕೆಗಳನ್ನೇ ಓದಿ ಬೆಳೆದ ಯಂತ್ರವು 'ಮು' ಎಂದೊಡನೆ 'ಮುಖ್ಯಮಂತ್ರಿ' ಎಂದೀತು; ಪಾಪ, ಹಸಿದ ಬಳ್ಳಾರಿಯ ಅಜ್ಜನಿಗೆ ಬೇಕಾದುದು ಮುದ್ದೆ! ಕನ್ನಡದಲ್ಲಿ ಇನ್ನೂ ಒಂದು ತೊಡಕುಂಟು. ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರಿಗೂ ಎಂದು ಒಂದೇ ಪದವು ಹತ್ತಾರು ರೂಪ ತಾಳುತ್ತದೆ. ಯಂತ್ರ ಪ್ರತಿಯೊಂದನ್ನೂ ಕಂಡಿರಬೇಕು. ಇಂದು ಸಾಧಾರಣ ಮೊಬೈಲಿನಲ್ಲಿಯೂ ಕನ್ನಡ ಕೀಲಿಮಣೆ, ಪದಸೂಚನೆ, ಬರೆದುದನ್ನು ಓದಿ ಹೇಳುವ ಧ್ವನಿ ಇವೆ. ಅದರಲ್ಲಿ ನಾವೇ ಪದಗಳನ್ನು ಸೇರಿಸುವ ಅನುಕೂಲವೂ ಇದೆ. ಮೊಮ್ಮಕ್ಕಳ ಹೆಸರು, ಮಾತ್ರೆ, ಊಟದ ಪದಾರ್ಥ, ಊರಿನ ದೇವರು, ಬೈಗುಳ ಸಹ ಅದರಲ್ಲಿ ಸೇರಿರಲಿ. ಮಾತು ಕ್ರಮೇಣ ಕುಗ್ಗುವ ರೋಗವೆಂದು ವೈದ್ಯರು ಹೇಳಿದರೆ, ಧ್ವನಿ ಚೆನ್ನಾಗಿರುವಾಗಲೇ ಅವರ ನಿತ್ಯದ ಮಾತುಗಳನ್ನು ಧ್ವನಿಮುದ್ರಿಸಿಡುವುದು ಒಳಿತು.

ಯಂತ್ರ ಕೊಳ್ಳುವ ಮುನ್ನ ಒಂದು ರಟ್ಟು ಸಾಕು. ನಮ್ಮ ವರ್ಣಮಾಲೆಯು ಈ ಕಾರ್ಯಕ್ಕೆಂದೇ ಜೋಡಿಸಿದಂತಿದೆ. ಕ, ಚ, ಟ, ತ, ಪ ವರ್ಗಗಳನ್ನು ಐದು ಸಾಲಾಗಿ ಬರೆದು ಮೊದಲು ಸಾಲನ್ನು, ಬಳಿಕ ಸಾಲಿನೊಳಗಿನ ಅಕ್ಷರವನ್ನು ಕೇಳುತ್ತ ಹೋಗಬೇಕು. ಕೊನೆಯ 'ಮ'ಕಾರವನ್ನು ಒಂದೊಂದಾಗಿ ಹುಡುಕಿದರೆ 25 ಪ್ರಶ್ನೆ. ಸಾಲು ಹಿಡಿದರೆ 10. ಯ, ರ, ಲ ಮೊದಲಾದವುಗಳಿಗೆ ಒಂದು ಸಾಲು, ಸ್ವರಗಳಿಗೆ ಒಂದು ಸಾಲು ಸೇರಿಸಿದರೆ ಕೆಲಸವಾಯಿತು. ತೆಲುಗಿನಲ್ಲಿಯೂ ವರ್ಗಗಳ ಕ್ರಮ ಇದೇ ಆದುದರಿಂದ, ಕನ್ನಡ ಬರೆಯಲು ಬಾರದ ನಮ್ಮ ಮಕ್ಕಳೂ ಪ್ರತಿ ಅಕ್ಷರದ ಕೆಳಗೆ ತೆಲುಗನ್ನು ಬರೆದುಕೊಂಡು ಈ ಪಟವನ್ನು ನಡೆಸಬಲ್ಲರು.

ನಾನು ಹೇಳಿದ ಮನೆಯಲ್ಲಿ ಹಾಗೆಯೇ ನಡೆಯಿತು. ಹಿರಿಯರಿಗೆ ಕೈಕಾಲು ಸ್ವಾಧೀನ ತಪ್ಪಿತ್ತು. ಕಣ್ಣನ್ನು ಮೇಲೆತ್ತಿದರೆ 'ಹೌದು'. 'ಅಲ್ಲ' ಎನ್ನಲು ಸುಮ್ಮನಿರುವುದೊಂದೇ ದಾರಿ. ಅವರ ನಿಶ್ಚಿತ ಠೇವಣಿಯನ್ನು ಅವಧಿಗೆ ಮೊದಲೇ ಮುರಿಯಬೇಕೆಂದು ಮಗ ಕರೆಸಿದ್ದರು. "ಮುರಿಯೋಣವೇ ರಾಯರೆ?" ಎಂದೆ. ಕಣ್ಣು ಅಲುಗಲಿಲ್ಲ. "ದಣಿವು ಸಾರ್, ನಿನ್ನೆಯೇ ಒಪ್ಪಿದ್ದಾರೆ" ಎಂದರು ಮಗ. ಅವರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚು ಅಷ್ಟಿತ್ತು. ಮೊಮ್ಮಗಳು ಪಟ ತಂದಳು. ಪ ವರ್ಗ, ಅದರಲ್ಲಿ ಬ, ಸ್ವರಗಳಲ್ಲಿ ಏ. 'ಬೇ' ಎಂದು ಬಂದೊಡನೆ ಮಗ, "ನೋಡಿ, ಬೇಕು ಎನ್ನುತ್ತಿದ್ದಾರೆ" ಎಂದರು. ನನಗೂ ಹಾಗೆಯೇ ತೋರಿತು. ಹುಡುಗಿ ಮಾತ್ರ ಬಿಡದೆ ಕ ವರ್ಗವೇ ಎಂದು ಕೇಳಿದಳು. ಕಣ್ಣು ಏಳಲಿಲ್ಲ. ಚ ವರ್ಗಕ್ಕೂ ಏಳಲಿಲ್ಲ. ಟ ವರ್ಗಕ್ಕೆ ಎದ್ದಿತು, ಮತ್ತೆ ಡಕಾರಕ್ಕೆ. ಮುಂದಿನ ಇಪ್ಪತ್ತು ನಿಮಿಷಗಳಲ್ಲಿ ಹೊರಟದ್ದು 'ಅಮ್ಮನಿಗೆ' ಎಂಬ ಒಂದೇ ಪದ. ಮನೆಯಲ್ಲಿ ಎಲ್ಲರೂ ಅಮ್ಮನೆಂದು ಕರೆಯುವುದು ಅವರ ಪತ್ನಿಯನ್ನು.

ಉತ್ತಮ ಯಂತ್ರವಿದ್ದಿದ್ದರೂ ಆ ದಿನ 'ಬೇಕು' ಎಂದೇ ಸೂಚಿಸುತ್ತಿತ್ತೇನೋ. ಸೂಚನೆಯನ್ನು ಒಪ್ಪುವ, ತಳ್ಳುವ ಅಧಿಕಾರ ರೋಗಿಯ ಕೈಯಲ್ಲಿರದಿದ್ದರೆ ಅದು ಸಹಿ ಮಾಡಿದ ಖಾಲಿ ಚೆಕ್ಕನ್ನು ಪರರಿಗೆ ಕೊಟ್ಟಂತೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಸಂವಹನವೆಂದರೆ ಬಾಯಿಮಾತಷ್ಟೇ ಎನ್ನುವುದಿಲ್ಲ, ಪರ್ಯಾಯ ವಿಧಾನಗಳನ್ನೂ ಅದರಲ್ಲಿ ಸೇರಿಸಿದೆ. ತನ್ನ ಹಣಕಾಸನ್ನು ತಾನೇ ನಿಯಂತ್ರಿಸುವ ಹಕ್ಕನ್ನೂ ಕೊಟ್ಟಿದೆ.

ಖರ್ಚಿಗೆ ಮಗ ಬೇರೆ ಏರ್ಪಾಡು ಮಾಡಿಕೊಂಡರು. ಠೇವಣಿಯ ಅವಧಿ ಮಾರ್ಚಿನಲ್ಲಿ ಮುಗಿಯುತ್ತದೆ. ಆ ದಿನ ಸ್ವಲ್ಪ ಬೇಗನೆ ಬರಬೇಕೆಂದು ಹುಡುಗಿ ಹೇಳಿದ್ದಾಳೆ. ಬೆಳಗಿನ ಹೊತ್ತು ಅಜ್ಜನ ಕಣ್ಣು ಚುರುಕಾಗಿರುತ್ತದಂತೆ.