ವೀಡಿಯೊ ಪಾಠಗಳ ಸಂಗ್ರಹವೂ ಹಂಚಿಕೆಯೂ

ತರಗತಿಯಲ್ಲಿ ಹೇಳಿದ ಪಾಠವು ಗಂಟೆ ಬಾರಿಸಿದೊಡನೆ ಮುಗಿಯುವುದು. ವೀಡಿಯೊದಲ್ಲಿ ಹಿಡಿದಿಟ್ಟ ಪಾಠವು ಬೇಕೆಂದಾಗ ಮರಳಿ ದೊರೆಯಬೇಕು. ಆದರೆ ಹಿಡಿದಿಡುವುದು ಬೇರೆ, ದೊರೆಯುವಂತೆ ಇಡುವುದು ಬೇರೆ.

2004ರ ಸೆಪ್ಟೆಂಬರ್ 20ರಂದು ಉಡಾಯಿಸಲಾದ ಎಜುಸ್ಯಾಟ್ ಉಪಗ್ರಹದ ಮೂಲಕ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿತು. ನೇರ ಬಿತ್ತರದ ಹೊತ್ತು ತಪ್ಪಿದವನಿಗೆ ಮುದ್ರಿಕೆಯೇ ಗತಿ. 2010ರಲ್ಲಿ ಆ ಉಪಗ್ರಹದ ಸೇವೆಯೇ ಮುಗಿಯಿತು.

ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯಾದರೋ ಮುದ್ರಿಕೆಯನ್ನೇ ನೆಚ್ಚಿತು. ಅಲ್ಲಿ ಪ್ರತಿ ಪಾಠಕ್ಕೂ ವಿಷಯ, ಅಧ್ಯಾಪಕರ ಹೆಸರು, ಕ್ರಮಸಂಖ್ಯೆಗಳುಂಟು. ಮೂಲವನ್ನು ಹೆಸರಿಸಿ ಹಂಚಿಕೊಳ್ಳಲು ಅನುಮತಿಯೂ ಉಂಟು. (ಈ ಅನುಮತಿಯ ಬೆಲೆಯನ್ನು ಹಲವರು ಅರಿಯರು.) ದಿನಾಂಕವನ್ನಷ್ಟೇ ಹೆಸರಾಗಿಟ್ಟ ನೂರು ಮುದ್ರಿಕೆಗಳು, ಪಟ್ಟಿಯಿಲ್ಲದ ಗ್ರಂಥಭಂಡಾರದಂತೆ, ಇದ್ದೂ ಇಲ್ಲದವು.

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಕನ್ನಡದಲ್ಲಿ ಓದಿ ಇಂಗ್ಲಿಷ್ ಮಾಧ್ಯಮದ ಕಾಲೇಜು ಸೇರುವ ನಮ್ಮ ವಿದ್ಯಾರ್ಥಿಗೆ ಉಪನ್ಯಾಸವು ಮೊದಲ ಸಲಕ್ಕೆ ಅರ್ಧವಷ್ಟೇ ತಿಳಿಯುತ್ತದೆ. ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೊಮ್ಮೆ ಕೇಳಿದರೆ ಉಳಿದರ್ಧ. ಒಂದು ಗಂಟೆಯ ಉಪನ್ಯಾಸವನ್ನು ಸಣ್ಣ ಪ್ರಕರಣಗಳಾಗಿ ಒಡೆದು, ಒಂದೊಂದಕ್ಕೂ ಕನ್ನಡದಲ್ಲಿ ಶೀರ್ಷಿಕೆಯನ್ನಿಟ್ಟರೆ ಅವನು ಬೇಕಾದ ಸ್ಥಳಕ್ಕೆ ನೇರವಾಗಿ ಹೋಗಬಲ್ಲನು. ಸಂಪರ್ಕ ದುರ್ಬಲವಾದ ಊರಿನಲ್ಲಿ ಅಷ್ಟನ್ನೇ ಇಳಿಸಿಕೊಳ್ಳಲೂಬಲ್ಲನು.