ಇಂದಿನ ಧಮ್ಮ ಚಿಂತನೆ: ಕರುಳಿಗೆ ಜಾತಿ ಗೊತ್ತಿಲ್ಲ

 

ಇಂದು ನಮ್ಮೂರ ಮಂಡಕ್ಕಿಯಿಂದಲೇ ಶುರು ಮಾಡೋಣ. ಖಾರ, ಎಣ್ಣೆ ಹಾಕದ ಒಂದು ಹಿಡಿ ಮಂಡಕ್ಕಿಯನ್ನು ನುಂಗದೆ ಒಂದು ನಿಮಿಷ ಅಗಿಯಿರಿ. ನಿಧಾನಕ್ಕೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅಕ್ಕಿಯ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡಿತು.

ನುಂಗಿದ ಮೇಲೆ ನಮ್ಮ ಮಾತು ನಡೆಯುವುದಿಲ್ಲ. ಜಠರದ ಆಮ್ಲ ಮತ್ತು ಪೆಪ್ಸಿನ್ ಸೇರಿ ಬೇಳೆ, ಮೊಟ್ಟೆಯ ಪ್ರೋಟೀನನ್ನು ಒಡೆಯತೊಡಗುತ್ತವೆ. ಮುಂದೆ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು. ಅಲ್ಲಿ ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿಸುತ್ತದೆ. ಮೇದೋಜೀರಕ ರಸ ಮತ್ತು ಕರುಳಿನ ಕಿಣ್ವಗಳು ಉಳಿದ ಕೆಲಸ ಮುಗಿಸುತ್ತವೆ. ಅನ್ನ ಗ್ಲೂಕೋಸ್ ಆಗುತ್ತದೆ, ಬೇಳೆಯ ಪ್ರೋಟೀನು ಅಮೈನೋ ಆಮ್ಲವಾಗುತ್ತದೆ, ಎಣ್ಣೆ ಕೊಬ್ಬಿನಾಮ್ಲವಾಗುತ್ತದೆ. ಕರುಳಿನ ಒಳಗೋಡೆಯಲ್ಲಿರುವ ವಿಲ್ಲೈ ಎಂಬ ಬೆರಳಿನಾಕಾರದ ಪುಟ್ಟ ಚಾಚಿಕೆಗಳು ಇವನ್ನು ಹೀರಿಕೊಳ್ಳುತ್ತವೆ.

ಏಳನೇ ತರಗತಿಗೆ ಈ ಪಾಠ ಮಾಡಿದ ದಿನವೇ ಬಿಸಿಯೂಟದ ಹೊತ್ತಿಗೆ ಒಬ್ಬ ಹುಡುಗ ತಟ್ಟೆ ಹಿಡಿಯದೆ ಕೂತಿದ್ದ. "ಯಾಕಪ್ಪಾ?" ಎಂದೆ. "ಆ ಅಕ್ಕ ಮಾಡಿದ್ದು ಉಣಬ್ಯಾಡ ಅಂದಾರೆ ಸರ್, ಮನ್ಯಾಗೆ" ಎಂದ. ಅಡುಗೆ ಮಾಡಿದ ತಾಯಿ ಸೌಟು ಹಿಡಿದು ಅಲ್ಲೇ ನಿಂತಿದ್ದರು. ಬೆಳಿಗ್ಗೆ ಅಷ್ಟೆಲ್ಲ ವಿವರಿಸಿದ ನನಗೆ ಮಾತೇ ಹೊರಡಲಿಲ್ಲ. ಅವರ ಕೈಯಿಂದ ಬಡಿಸಿಕೊಂಡು ಹುಡುಗನ ಪಕ್ಕ ಕೂತು ಉಂಡೆ. ಅವನು ನೋಡುತ್ತಿದ್ದ. ಅವತ್ತು ಉಣಲಿಲ್ಲ.

ವಾಸೆಟ್ಠ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನೇ ಹೇಳುತ್ತಾರೆ. ಹುಲ್ಲು, ಮರ, ಹುಳು, ಹಕ್ಕಿಗಳಲ್ಲಿ ಜಾತಿ ಜಾತಿಗೂ ಮೈಮೇಲೆ ಗುರುತುಂಟು. ಮನುಷ್ಯರಲ್ಲಿ ಕೂದಲು, ಕಣ್ಣು, ಬಾಯಿ, ಹೊಟ್ಟೆ ಯಾವುದರಲ್ಲೂ ಹುಟ್ಟಿನ ಗುರುತಿಲ್ಲವೆಂದು ಒಂದೊಂದೇ ಅಂಗ ಹೆಸರಿಸಿ ತೋರಿಸುತ್ತಾರೆ. ಇಂದಿನ ವಿಜ್ಞಾನ ಪಾಠವೂ ಅಲ್ಲಿಗೇ ಬಂದು ನಿಲ್ಲುತ್ತದೆ. ವಿಲ್ಲೈಗಳ ಮುಂದೆ ಬರುವ ಗ್ಲೂಕೋಸಿನ ಮೇಲೆ ಯಾರು ಬೇಯಿಸಿದರೆಂಬ ಮುದ್ರೆ ಇರುವುದಿಲ್ಲ. ಆ ಹುಡುಗನ ಹೊಟ್ಟೆ ಹಸಿದಿತ್ತು. ಬೇಡ ಎಂದದ್ದು ಮನಸ್ಸು. ಅದು ಹಾಗೆನ್ನಲು ಕಲಿತದ್ದು ದೊಡ್ಡವರಿಂದ.

ಇಂದಿನ ಅಭ್ಯಾಸ: ಮೊದಲ ತುತ್ತನ್ನು ಸಿಹಿಯಾಗುವ ತನಕ ಅಗಿಯಿರಿ. ಭದ್ರಾ ನಾಲೆಯ ಗದ್ದೆಯಲ್ಲಿ ನಾಟಿ ಮಾಡಿದವರು, ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಂತವರು, ಬೇಯಿಸಿ ಬಡಿಸಿದವರು ನೆನಪಾಗಲಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಅವರು ನೋಡುತ್ತಿರುತ್ತಾರೆ.

ಭವತು ಸಬ್ಬ ಮಂಗಲಂ.